ಅಂಕದಿಂದ ವಾಗ್ದಾನಕ್ಕೆ: ಗ್ರಾಫಿಕ್ಸ್ ಡ್ರೈವರಿನಲ್ಲಿ ಆಜ್ಞೆಗಳ ಲೆಕ್ಕ

ಕಂಪ್ಯೂಟರಿನಲ್ಲಿ ಚಿತ್ರವನ್ನು ರಚಿಸುವ ಕಾರ್ಯವು ಎರಡು ಯಂತ್ರಾಂಗಗಳಲ್ಲಿ ಹಂಚಿಹೋಗಿರುವುದು. ಮುಖ್ಯ ಪ್ರೊಸೆಸರು ಆಜ್ಞೆಗಳನ್ನು ಬರೆದಿಡುವುದು. ಗ್ರಾಫಿಕ್ಸ್ ಪ್ರೊಸೆಸರು ಅವುಗಳನ್ನು ತನ್ನ ವೇಗದಲ್ಲಿ ಓದಿ ನಡೆಸುವುದು. ಒಂದೊಂದು ಆಜ್ಞೆಗೂ ಕಾದು ಕುಳಿತರೆ ಯಂತ್ರದ ಶಕ್ತಿಯು ವ್ಯರ್ಥವಾಗುವುದು. ಕಾಯದೆ, ಇನ್ನೂ ಬಳಕೆಯಲ್ಲಿರುವ ಮೆಮೊರಿಯನ್ನು ಮತ್ತೊಂದು ಪ್ರೋಗ್ರಾಮಿಗೆ ಒಪ್ಪಿಸಿದರೆ ಚಿತ್ರವು ಕೆಡುವುದಲ್ಲದೆ, ಒಬ್ಬರ ಗುಟ್ಟು ಇನ್ನೊಬ್ಬರ ಕೈಸೇರುವ ಸಂಭವವೂ ಉಂಟು. ಆದುದರಿಂದ ಯಾವ ಆಜ್ಞೆಯು ಮುಗಿಯಿತೆಂಬ ಪ್ರಶ್ನೆಗೆ ಡ್ರೈವರು ಕೊಡುವ ಉತ್ತರವು ಸುಳ್ಳಾಗಕೂಡದು. ಈ ಉತ್ತರದ ರೂಪವು ಹೇಗೆ ಬದಲಾಯಿತೆಂಬುದನ್ನು ಲಿನಕ್ಸಿನ ಇಂಟೆಲ್ ಡ್ರೈವರಾದ ಐ915ರ ಚರಿತ್ರೆಯು ಚೆನ್ನಾಗಿ ತೋರಿಸುವುದು.

2008ರಲ್ಲಿ ಲಿನಕ್ಸ್ 2.6.28ರೊಡನೆ ಜೆಮ್ ಎಂಬ ಮೆಮೊರಿ ವ್ಯವಸ್ಥೆಯು ಬಂದಿತು. ಆಗಿನ ಕ್ರಮವು ಬಹಳ ಸರಳ. ವರ್ತುಲಾಕಾರದ ಸಾಲಿನಲ್ಲಿ ಆಜ್ಞೆಗಳನ್ನು ಬರೆದು, ಪ್ರತಿಯೊಂದು ಕಂತಿನ ಕೊನೆಗೆ ಒಂದು ಕ್ರಮಾಂಕವನ್ನು ನಿಯಮಿತ ಸ್ಥಳದಲ್ಲಿ ಬರೆಯುವಂತೆ ಗ್ರಾಫಿಕ್ಸ್ ಪ್ರೊಸೆಸರಿಗೆ ಅಪ್ಪಣೆಯಾಗುತ್ತಿತ್ತು. ಅಲ್ಲಿ 50 ಎಂದು ಕಂಡರೆ ಅದಕ್ಕೆ ಹಿಂದಿನವೆಲ್ಲ ಮುಗಿದವೆಂದೇ ಅರ್ಥ. ಕ್ರಮಾಂಕವು 32 ಬಿಟ್ಟುಗಳದಾದುದರಿಂದ 4,29,49,67,296 ಎಣಿಕೆಗಳ ಬಳಿಕ ಮೊದಲಿಗೆ ಮರಳುವುದು. ಆದಕಾರಣ ಅಂಕಗಳನ್ನು ನೇರವಾಗಿ ಹೋಲಿಸದೆ ಅವುಗಳ ಅಂತರದ ಚಿಹ್ನೆಯನ್ನು ನೋಡಿ ಹಿಂದುಮುಂದನ್ನು ನಿರ್ಣಯಿಸಬೇಕಾಯಿತು.

ಈ ಸಾಕ್ಷ್ಯದ ಬಲವೆಲ್ಲವೂ ಸಾಲು ಒಂದೇ ಎಂಬುದರಲ್ಲಿದ್ದಿತು. 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಲ್ಲಿ ಚಿತ್ರರಚನೆ, ವಿಡಿಯೋ, ನಕಲು ಇವುಗಳಿಗೆ ಬೇರೆಬೇರೆ ವರ್ತುಲಗಳಾದವು; 2014ರ ಬ್ರಾಡ್‌ವೆಲ್ ಪೀಳಿಗೆಯಲ್ಲಿ ಕಾಂಟೆಕ್ಸ್ಟಿಗೊಂದರಂತೆ ವರ್ತುಲವನ್ನಿಡುವ ಅವಕಾಶವೊದಗಿತು. ಮೊದಲು ಬಂದುದೇ ಮೊದಲು ಮುಗಿಯುವುದೆಂಬ ನಂಬಿಕೆಯು ಅಲ್ಲಿಗೆ ಸಡಿಲವಾಯಿತು. ಓಲೆಗರಿಯ ಮೇಲಣ ಅಂಕವು ಆ ಕಟ್ಟಿನೊಳಗೆ ಮಾತ್ರ ಗರಿಯ ಸ್ಥಾನವನ್ನು ಹೇಳುವುದಲ್ಲದೆ ಮತ್ತೊಂದು ಕಟ್ಟಿನ ಸಂಗತಿಯನ್ನು ಹೇಳಲಾರದಷ್ಟೆ. ಹೀಗಾಗಿ ಬರಿಯ ಅಂಕದ ಸ್ಥಾನಕ್ಕೆ ‘ರಿಕ್ವೆಸ್ಟ್’ ಎಂಬ ವಸ್ತುವು ಬಂದಿತು. ಅದು ತನ್ನ ಒಡೆಯ ಯಾರು, ತಾನು ಯಾವುದಕ್ಕಾಗಿ ಕಾಯಬೇಕು ಎಂಬುದನ್ನು ತನ್ನೊಡನೆಯೇ ಹೊತ್ತಿರುವುದು.

ಬೇರೆಬೇರೆ ಡ್ರೈವರುಗಳ ನಡುವಣ ಮಾತುಕತೆಗೆ ಸಮಾನವಾದ ರೂಪವು 2014ರಲ್ಲಿ, ಲಿನಕ್ಸ್ 3.17ರ ‘ಫೆನ್ಸ್’ ಎಂಬುದರಿಂದ ಒದಗಿತು. 2016ರಲ್ಲಿ ಐ915ರ ರಿಕ್ವೆಸ್ಟೂ ಇದರ ಆಧಾರದ ಮೇಲೆ ನಿಂತಿತು. ಫೆನ್ಸಿಗೆ ತನ್ನ ಕಾಲರೇಖೆಯ ಗುರುತೂ ಆ ರೇಖೆಯಲ್ಲಿ ತನ್ನ ಕ್ರಮಾಂಕವೂ ಇರುವುವು. ಅದು ಒಮ್ಮೆ ಮಾತ್ರ ಸಂಕೇತವನ್ನು ಕೊಡುವುದು, ಕೊಟ್ಟುದನ್ನು ಹಿಂದೆಗೆಯಲಾಗದು. ಮಿಗಿಲಾಗಿ, ಅದು ಪರಿಮಿತ ಕಾಲದೊಳಗೆ ಸಂಕೇತವನ್ನು ಕೊಟ್ಟೇ ತೀರಬೇಕು. ಗ್ರಾಫಿಕ್ಸ್ ಪ್ರೊಸೆಸರು ನಿಶ್ಚೇಷ್ಟವಾದರೆ ಡ್ರೈವರು ಅದನ್ನು ಮರುಚಾಲನೆಗೊಳಿಸಿ, ದೋಷವನ್ನು ದಾಖಲಿಸಿ, ಕಾದವರನ್ನು ಬಿಡುಗಡೆ ಮಾಡಬೇಕಾಗುವುದು. ಅಂಕವು ನಡೆದುದರ ದಾಖಲೆ. ಫೆನ್ಸಾದರೋ ನಡೆಯಲಿರುವುದರ ವಾಗ್ದಾನ.

2020ರ ವಲ್ಕನ್ 1.2ರಲ್ಲಿ ಏರುತ್ತ ಹೋಗುವ 64 ಬಿಟ್ಟುಗಳ ಅಂಕವನ್ನುಳ್ಳ ಟೈಮ್‌ಲೈನ್ ಸೆಮಫೋರು ಮುಖ್ಯಭಾಗಕ್ಕೆ ಸೇರಿತು. ಅಂಕವು ಮರಳಿ ಬಂದಿತೆಂದು ಇದರಿಂದ ತೋರಬಹುದು. ಆದರೆ ಹಿಂದಿನದು ಸಮಸ್ತಕ್ಕೂ ತಾನೇ ಸಾಕ್ಷಿಯೆಂದು ನಿಂತಿತ್ತು. ಇಂದಿನದು ತನ್ನ ರೇಖೆಗೆ ಮಾತ್ರ ಹೊಣೆಯಾಗಿರುವುದು. ಈ ಮಿತಿಯನ್ನು ಒಪ್ಪಿಕೊಂಡುದರಿಂದಲೇ ಅದರ ಸಾಕ್ಷ್ಯವು ನಂಬಲರ್ಹವಾಯಿತು.