ಧಾರವಾಡದಿಂದ ಬೆಳಗಾವಿಗೆ: ಒಂದು ದಿನದ ಹಾದಿ, ಒಂದು ಹಳೆಯ ಪ್ರಶ್ನೆ

ಕಳೆದ ತಿಂಗಳು ಬೆಳಗಾವಿಯಿಂದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ದೂರವಾಣಿ ಕರೆ ಬಂದಿತ್ತು. ಅವರು ಗಣಿತದ ಶಿಕ್ಷಕರು, ನಾನು ಸಮಾಜ ವಿಜ್ಞಾನದವನು. ಒಂದೇ ಪ್ರೌಢಶಾಲೆಯಲ್ಲಿ ಹಲವು ವರ್ಷ ಜೊತೆಯಾಗಿ ದುಡಿದವರು. ನಿವೃತ್ತಿಯ ನಂತರ ಅವರು ಮಗಳ ಮನೆ ಸೇರಿದರು, ನಾನು ಧಾರವಾಡದಲ್ಲೇ ಉಳಿದೆ. "ಕಣ್ಣು ಪೂರಾ ಮಂಜಾಗ್ಯಾವ ಮಾಸ್ತರ್ರ. ಒಮ್ಮೆ ಬಂದು ಹೋಗ್ರಿ. ಬರೂ ಮುಂದ ಕಿತ್ತೂರಾಗ ಇಳದು ಬರ್ರಿ, ಈ ಸಲನಾದರೂ" ಎಂದರು. ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಧಾರವಾಡದಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳುವ ಹಾದಿ. ಆದರೂ ನಾನು ಒಂದು ಹಾಳೆ, ಪೆನ್ನು ಹಿಡಿದು ಕುಳಿತೆ. ಪಾಠಯೋಜನೆ ಬರೆಯದೆ ತರಗತಿಗೆ ಹೋಗದ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮಗ ನೋಡಿ ನಕ್ಕ. "ಒಂದೂವರೆ ತಾಸಿನ ಹಾದಿಗೆ ಇಷ್ಟ್ಯಾಕ ಬರಕೊಂಡು ಕುಂತೀರಿ ಅಪ್ಪಾ? ಎಂಟಕ್ಕ ಬಿಡೂದು, ಒಂಬತ್ತೂವರಿಗೆ ಬೆಳಗಾವಿ. ಹೊಳ್ಳಿ ಬರೂ ಮುಂದ ಹೊತ್ತಿದ್ರ ಕಿತ್ತೂರು ನೋಡಿದ್ರಾತು" ಎಂದ. 'ಹೊತ್ತಿದ್ದರೆ' ಎಂಬ ಆ ಮಾತಿಗೆ ನಾನು ಒಪ್ಪಲಿಲ್ಲ. ಅದಕ್ಕೂ ಕಾರಣವಿದೆ.

1987ರ ಚಳಿಗಾಲದಲ್ಲಿ ನಾವಿಬ್ಬರೂ ಒಂಬತ್ತನೆಯ ತರಗತಿಯ ಮಕ್ಕಳನ್ನು ಇದೇ ಹಾದಿಯಲ್ಲಿ ಒಂದು ದಿನದ ಪ್ರವಾಸಕ್ಕೆ ಕರೆದೊಯ್ದಿದ್ದೆವು. ಯೋಜನೆ ನನ್ನದೇ. ಮೊದಲು ನೇರವಾಗಿ ಬೆಳಗಾವಿ, ಅಲ್ಲಿ ಕೋಟೆ ಮತ್ತು ಕೋಟೆಯೊಳಗಿನ ಕಮಲ ಬಸದಿ, ಮಧ್ಯಾಹ್ನದ ಬುತ್ತಿ, ಮರಳುವಾಗ ಕಿತ್ತೂರು. ಹೊರಡುವುದೇ ತಡವಾಯಿತು. ಮಕ್ಕಳು ಪೇಟೆಯಲ್ಲಿ ಕುಂದಾ ಕೊಳ್ಳಲು ನಿಂತು ಇನ್ನಷ್ಟು ಹೊತ್ತು ಕಳೆಯಿತು. ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಕಿತ್ತೂರು ಮುಟ್ಟಿದಾಗ ಸೂರ್ಯ ಮುಳುಗಿದ್ದ. ವಸ್ತುಸಂಗ್ರಹಾಲಯದ ಬಾಗಿಲು ಹಾಕಿತ್ತು. ಕೋಟೆಯ ಪಾಳುಗೋಡೆಗಳನ್ನು ಮಬ್ಬುಗತ್ತಲಲ್ಲಿ ಹೊರಗಿನಿಂದ ತೋರಿಸಿ ಮಕ್ಕಳನ್ನು ಬಸ್ಸು ಹತ್ತಿಸತೊಡಗಿದೆ.

ಆಗ ಹುಡುಗನೊಬ್ಬ ಮೆಟ್ಟಿಲ ಮೇಲೆ ನಿಂತು ಕೇಳಿದ: "ಸರ್, ಧಾರವಾಡ ಇಷ್ಟು ಸಮೀಪ ಐತಿ. ಸಾಹೇಬ ಅಲ್ಲೇ ಇದ್ದ. ಆದರೂ ಚನ್ನಮ್ಮ ಹೆಂಗ ಧೈರ್ಯ ಮಾಡಿದಳರಿ?" ನಾನು ದಣಿದಿದ್ದೆ. "ಅದು ಪರೀಕ್ಷೆಗೆ ಬರೂದಿಲ್ಲ, ಹತ್ತು" ಎಂದುಬಿಟ್ಟೆ. ಹುಡುಗ ತಲೆ ತಗ್ಗಿಸಿ ಒಳಗೆ ಹೋದ. ಹಿಂದೆ ನಿಂತಿದ್ದ ಗಣಿತದ ಮಾಸ್ತರರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಂದು ಅವರು ಏನೂ ಅನ್ನಲಿಲ್ಲ. ಈಗ 'ಈ ಸಲನಾದರೂ' ಎಂದರು.

ಆದುದರಿಂದ ನನ್ನ ಹಾಳೆಯ ಮೇಲಿನ ಮೊದಲ ನಿಯಮ ಇದಾಯಿತು: ಮುಖ್ಯವಾದುದನ್ನು ಹೋಗುವಾಗಲೇ ನೋಡಬೇಕು, ಬರುವಾಗ ನೋಡುತ್ತೇವೆಂದು ಬಿಟ್ಟದ್ದು ಹೆಚ್ಚಾಗಿ ಉಳಿದೇ ಹೋಗುತ್ತದೆ. ಅನಂತರ ಒಂದು ಗೆರೆ ಎಳೆದು ಊರುಗಳನ್ನು ಗುರುತಿಸಿದೆ. ಧಾರವಾಡ, ಅಲ್ಲಿಂದ ಸುಮಾರು 30 ಕಿಲೋಮೀಟರಿಗೆ ಕಿತ್ತೂರು, ಮುಂದೆ ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿ, ಕೊನೆಗೆ ಬೆಳಗಾವಿ. ಕಿತ್ತೂರಿನಿಂದ ಬೆಳಗಾವಿಗೆ ಸುಮಾರು 50. ಗೆರೆಯನ್ನು ನೋಡುತ್ತ ಕುಳಿತಾಗ ಆ ಹುಡುಗನ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು.

ಈ ರಸ್ತೆಯ ವಿಚಾರವಾಗಿ ಎರಡು ಮಾತು. ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ದಾವಣಗೆರೆಗಳಲ್ಲೆಲ್ಲ 'ಪಿ.ಬಿ. ರಸ್ತೆ' ಎಂಬುದೊಂದು ಇದೆ. ಅದು ಯಾರೋ ಮಹನೀಯರ ಹೆಸರಿನ ಮೊದಲಕ್ಷರಗಳೆಂದು ನನ್ನ ವಿದ್ಯಾರ್ಥಿಗಳು ಬಹುಕಾಲ ತಿಳಿದಿದ್ದರು. ಅದು ಪೂನಾ–ಬೆಂಗಳೂರು ರಸ್ತೆ. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಬಯಲು, ಇವೆರಡರ ನಡುವೆ ಅದು ಸಾಗುತ್ತದೆ. ರೈಲುಮಾರ್ಗ ಇಂದಿಗೂ ಲೋಂಡಾದ ಕಾಡನ್ನು ಸುತ್ತಿ ಬೆಳಗಾವಿ ಸೇರುತ್ತದೆ. ರಸ್ತೆ ಮಾತ್ರ ಕಿತ್ತೂರಿನ ಮೇಲೆ ಹಾದು ನೇರವಾಗಿ ಹೋಗುತ್ತದೆ. ಸ್ವಾತಂತ್ರ್ಯಾನಂತರ ಇದು ರಾಷ್ಟ್ರೀಯ ಹೆದ್ದಾರಿ 4 ಆಯಿತು. 1999ರಲ್ಲಿ ಆರಂಭವಾದ ಸುವರ್ಣ ಚತುಷ್ಕೋನ ಯೋಜನೆಯಲ್ಲಿ ಚತುಷ್ಪಥವಾಯಿತು, ಮುಂದೆ ಷಟ್ಪಥವಾಯಿತು. 2010ರ ಮರುಸಂಖ್ಯೆಯಲ್ಲಿ 48 ಎಂಬ ಹೆಸರು ಪಡೆಯಿತು. ಮೊದಲು ಬಸ್ಸು ಪ್ರತಿ ಊರಿನ ನಡುವೆ ತೂರಿ ಹೋಗುತ್ತಿತ್ತು. ಈಗ ಊರುಗಳು ಪಕ್ಕಕ್ಕೆ ಉಳಿಯುತ್ತವೆ. ಸರ್ವಿಸ್ ರಸ್ತೆಗೆ ಇಳಿಯುವ ನಿರ್ಧಾರವನ್ನು ಮನೆಯಲ್ಲೇ ಮಾಡಿಕೊಳ್ಳದಿದ್ದರೆ, ಫಲಕ ಓದಿ ಮುಗಿಸುವಷ್ಟರಲ್ಲಿ ಕಿತ್ತೂರು ಹಿಂದೆ ಬಿದ್ದಿರುತ್ತದೆ.

ಈಗ ಆ ಗೆರೆಯನ್ನು 1824ರ ಕಣ್ಣಿನಿಂದ ನೋಡಿ. ಧಾರವಾಡ 1817ರಲ್ಲಿ ಪೇಶ್ವೆಯಿಂದ ಕಂಪನಿಯ ಕೈಸೇರಿತ್ತು. ಬೆಳಗಾವಿಯ ಕೋಟೆಯನ್ನು ಥಾಮಸ್ ಮನ್ರೋ 1818ರಲ್ಲಿ ಗೆದ್ದಿದ್ದ. ಅಂದರೆ ಕಿತ್ತೂರಿನ ಎರಡೂ ಬದಿಗೆ ಕಂಪನಿಯೇ ಕುಳಿತಿತ್ತು. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ. ಅದಕ್ಕೆ ಮುಂಚೆ ಕಿತ್ತೂರಿನ ವ್ಯವಹಾರ ಧಾರವಾಡದ ಕಲೆಕ್ಟರನ ಕೈಯಲ್ಲಿತ್ತು. ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ ಧಾರವಾಡದ ಸಾಹೇಬನೇಕೆ ಬಂದ ಎಂದು ಮಕ್ಕಳು ಕೇಳುವುದುಂಟು, ಉತ್ತರ ಇದು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ. ದತ್ತಕವನ್ನು ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ನಮ್ಮ ಪಠ್ಯಪುಸ್ತಕಗಳು 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯನ್ನು ಡಾಲ್‌ಹೌಸಿಯ ಹೆಸರಿನೊಂದಿಗೆ ಕಲಿಸುತ್ತವೆ. ಡಾಲ್‌ಹೌಸಿ ಗವರ್ನರ್ ಜನರಲ್ ಆದದ್ದು 1848ರಲ್ಲಿ. ಕಿತ್ತೂರಿಗೆ ಆ ಕತ್ತಿ 24 ವರ್ಷ ಮೊದಲೇ ತಾಗಿತ್ತು. ರಾಣಿ ಚನ್ನಮ್ಮ ಒಮ್ಮೆಲೇ ಕತ್ತಿ ಹಿಡಿದವಳಲ್ಲ. ಕಮಿಷನರ್ ಚಾಪ್ಲಿನ್‌ಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ ದತ್ತಕವನ್ನು ಮನ್ನಿಸಬೇಕೆಂದು ಬರೆದಳು.

ಇಲ್ಲಿಯೇ ನನ್ನ ಗೆರೆ ಮಾತನಾಡಿತು. ಬೆಳಗಾವಿಯಿಂದ ಪುಣೆಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಮುಂಬಯಿ ಅದರಾಚೆ, ಘಟ್ಟದ ಕೆಳಗೆ. ಒಪ್ಪಿಗೆ ಕೊಡಬಲ್ಲವರು ಅಷ್ಟು ದೂರ. ಖಜಾನೆಗೆ ಮುದ್ರೆ ಒತ್ತಬಲ್ಲವನು ಕುದುರೆಯ ಮೇಲೆ ಒಂದು ಹೊತ್ತಿನ ಹಾದಿಯಲ್ಲಿ. ದೂರದ ಗುಡ್ಡಗಾಡಿನ ಪಾಳೆಯಗಾರನೊಬ್ಬ ಪತ್ರವ್ಯವಹಾರದಲ್ಲಿ ವರ್ಷ ಕಳೆಯಬಹುದಿತ್ತು. ಹೆದ್ದಾರಿಯ ಮೇಲೆ, ಕಲೆಕ್ಟರನ ಬಾಗಿಲಿಗೆ 30 ಕಿಲೋಮೀಟರಿನಲ್ಲಿದ್ದ ಕಿತ್ತೂರಿಗೆ ಆ ಅವಕಾಶವಿರಲಿಲ್ಲ. ಮಣಿಯಬೇಕು, ಇಲ್ಲವೇ ಬಾಗಿಲು ಹಾಕಿ ನಿಲ್ಲಬೇಕು. ರಾಣಿ ಬಾಗಿಲು ಹಾಕಿಸಿದಳು.

ಅಕ್ಟೋಬರ್ 23ರಂದು ನಡೆದದ್ದನ್ನು ಕನ್ನಡಿಗರೆಲ್ಲ ಬಲ್ಲರು. ಬಾಗಿಲು ಒಡೆಯಲು ಹೊರಟ ಕಂಪನಿಯವರ ಮೇಲೆ ಕಿತ್ತೂರಿನ ಸೈನ್ಯ ಎರಗಿತು. ಥ್ಯಾಕರೆ ಸತ್ತ. ಅಮಟೂರು ಬಾಳಪ್ಪನ ಗುಂಡಿಗೆ ಅವನು ಬಿದ್ದನೆಂಬುದು ನಾಡಿನ ನೆನಪು. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆ ಸಿಕ್ಕರು. ರಾಣಿ ಅವರನ್ನು ಗೌರವದಿಂದ ನಡೆಸಿಕೊಂಡು ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದಳು. ಈ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿ ಚಾಲುಕ್ಯರ ಇತಿಹಾಸಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನಾದ. ಕಿತ್ತೂರಿನ ಕೈದಿಯೊಬ್ಬ ಜೀವಂತವಾಗಿ ಉಳಿದದ್ದರಿಂದ ನಮ್ಮ ಶಾಸನಗಳಿಗೆ ಉಪಕಾರವಾಯಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಬಿಡುಗಡೆಯ ನಂತರವೂ ಮುತ್ತಿಗೆ ನಿಲ್ಲಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲೇ ಕೋಟೆ ಬಿದ್ದಿತು. ಗೆಲುವಿಗೂ ಸೋಲಿಗೂ ನಡುವೆ ಆರು ವಾರ ಮಾತ್ರ. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಲಾಯಿತು.

ಇಷ್ಟಾದ ಮೇಲೆ ಯೋಜನೆ ಬರೆಯುವುದು ಸುಲಭವಾಯಿತು. ಬೆಳಿಗ್ಗೆ ಏಳಕ್ಕೆ ಮನೆ ಬಿಡುವುದು. ಕಿತ್ತೂರಿಗೆ ಎರಡು ತಾಸು ಮೀಸಲು. ವಸ್ತುಸಂಗ್ರಹಾಲಯದ ವಾರದ ರಜೆಯನ್ನು ಮೊದಲೇ ವಿಚಾರಿಸುವುದು. ಎಂ.ಕೆ. ಹುಬ್ಬಳ್ಳಿಯಲ್ಲಿ ಅರ್ಧ ತಾಸು, ಏಕೆಂದರೆ ಅಲ್ಲಿ ಮಲಪ್ರಭೆಯ ಪಾತ್ರದಲ್ಲಿ ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಇದೇ ನೀರು ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಬಸವಣ್ಣನವರು ಐಕ್ಯರಾದ ಸ್ಥಳವನ್ನು. ಮಧ್ಯಾಹ್ನದ ಊಟದ ಹೊತ್ತಿಗೆ ಬೆಳಗಾವಿ. ನಾಲ್ಕಕ್ಕೆ ಮರಳಿ ಹೊರಡುವುದು, ಏಕೆಂದರೆ ಇದು ಕಬ್ಬು ನುರಿಸುವ ಕಾಲ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಗಾಡಿಗಳು ಕತ್ತಲಾದ ಮೇಲೆ ಯಮದೂತರೇ ಸರಿ. ಹಿರೇಬಾಗೇವಾಡಿಯ ಟೋಲ್ ನಾಕಾದಲ್ಲಿ 24 ತಾಸಿನೊಳಗೆ ಮರಳಿದರೆ ಎರಡೂ ಬದಿಗೆ ಸೇರಿ ಒಂದೂವರೆ ಪಟ್ಟು ಸುಂಕ ಸಾಕು.

ಬಿಟ್ಟದ್ದೂ ಉಂಟು. ಬೈಲಹೊಂಗಲದ ರಾಣಿಯ ಸಮಾಧಿ ಹೆದ್ದಾರಿಯಿಂದ ಪೂರ್ವಕ್ಕೆ ಸರಿದಿದೆ. ಅದಕ್ಕೆ ಬೇರೆ ದಿನ. 1924ರ ಕಾಂಗ್ರೆಸ್ ಅಧಿವೇಶನದ ಬೆಳಗಾವಿಯನ್ನೂ ಬಿಟ್ಟೆ. ಗಾಂಧೀಜಿ ಅಧ್ಯಕ್ಷರಾದ ಏಕೈಕ ಅಧಿವೇಶನ ಅದು. ಕಿತ್ತೂರಿನ ಕಾಳಗಕ್ಕೆ ಸರಿಯಾಗಿ ನೂರು ವರ್ಷದ ನಂತರ, ಅದೇ ರಸ್ತೆಯ ಮೇಲಿನ ಊರಿನಲ್ಲಿ ನಡೆಯಿತು. ಎಲ್ಲವನ್ನೂ ಒಂದೇ ದಿನ ನೋಡಹೊರಟವನು ಏನನ್ನೂ ನೋಡುವುದಿಲ್ಲವೆಂಬುದು 1987ರಲ್ಲಿ ನಾನು ಕಲಿತ ಪಾಠ.

ಹೋಗಿ ಬಂದೆವು. ಕಿತ್ತೂರಿನ ಅರಮನೆಯ ಪಾಳಿನಲ್ಲಿ ಧ್ರುವ ನಕ್ಷತ್ರವನ್ನು ನೋಡಲೆಂದು ಮಾಡಿದ ಕಿಂಡಿಯ ಮುಂದೆ ಮಗ ನಾನು ಕರೆಯುವವರೆಗೂ ನಿಂತಿದ್ದ. ಅವಸರದ ಮಾತು ಆಮೇಲೆ ಬರಲಿಲ್ಲ.

ಬೆಳಗಾವಿಯಲ್ಲಿ ಮಾಸ್ತರರು ನನ್ನ ಹಾಳೆಯನ್ನು ಓದಿಸಿಕೊಂಡರು. ಕಣ್ಣು ಮಂಜಾಗಿದ್ದರೂ ಲೆಕ್ಕ ಮಂಜಾಗಿರಲಿಲ್ಲ. "ಎತ್ತಿನ ಬಂಡಿ ದಿನಕ್ಕ ಇಪ್ಪತ್ತೈದು ಕಿಲೋಮೀಟರ್ ಅಂತ ಹಿಡೀರಿ. ಧಾರವಾಡದಿಂದ ತೋಪು ಬರಲಿಕ್ಕೆ ಒಂದೂಕಾಲು ದಿನ, ಬೆಳಗಾವಿಯಿಂದ ಎರಡು ದಿನ. ಇದು ರಾಣಿಗೆ ಗೊತ್ತಿರಲಿಲ್ಲ ಅಂತೀರೇನು?" ಎಂದರು. ಗೊತ್ತಿತ್ತು. ಆ ರಸ್ತೆಯಲ್ಲಿ ಹೋಗಿಬರುವ ಕುದುರೆಗಳನ್ನು ಅವಳು ದಿನವೂ ಕಂಡವಳು. ಸ್ವಲ್ಪ ಹೊತ್ತಿನ ನಂತರ ಅವರೇ ಕೇಳಿದರು: "ಆ ಹುಡುಗಗ ಹೇಳಿದ್ರ್ಯಾ?"

ಹೇಳಲು ಅವನು ಎಲ್ಲಿದ್ದಾನೋ. ಈಗ ಐವತ್ತು ದಾಟಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ ಉತ್ತರ ಇದು: ಮಗು, ಧಾರವಾಡ ಸಮೀಪವಿದ್ದರೂ ಧೈರ್ಯ ಮಾಡಿದಳು ಎಂದು ನೀನು ಕೇಳಿದೆ. ಸಮೀಪವಿದ್ದುದರಿಂದಲೇ ಬೇರೆ ದಾರಿ ಉಳಿದಿರಲಿಲ್ಲ. ಸಮೀಪ ಎಷ್ಟೆಂಬುದನ್ನು ಅಳೆದು ತಿಳಿದೂ ಅವಳು ನಿಂತಳು, ಅದೇ ಅವಳ ಧೈರ್ಯ. ನಿನ್ನ ಪ್ರಶ್ನೆ ಪರೀಕ್ಷೆಗೆ ಬರಬೇಕಾಗಿದ್ದ ಪ್ರಶ್ನೆ. ಬರುವುದಿಲ್ಲವೆಂದು ಹೇಳಿದ್ದು ನನ್ನ ತಪ್ಪು.