ಮಂಗಳೂರಿನ ಕ್ರೂಸ್ ತೀರ ಪ್ರವಾಸಗಳು

ಮಂಗಳೂರಿನ ಕ್ರೂಸ್ ತೀರ ಪ್ರವಾಸಗಳು ಎಂದರೆ, ದಕ್ಷಿಣ ಕನ್ನಡ ಜಿಲ್ಲೆಯ ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರಿಗೆ ಬರುವ ಪ್ರವಾಸಿ ಹಡಗುಗಳ ಪ್ರಯಾಣಿಕರು ಹಡಗು ತಂಗಿರುವ ಕೆಲವೇ ಗಂಟೆಗಳಲ್ಲಿ ದಡಕ್ಕಿಳಿದು ಕೈಗೊಳ್ಳುವ ಕಿರು ಪ್ರವಾಸಗಳು. ಹಡಗು ಸಂಸ್ಥೆಗಳು ಇವನ್ನು ‘ಶೋರ್ ಎಕ್ಸ್‌ಕರ್ಷನ್’ ಎಂದು ಕರೆಯುತ್ತವೆ. ಸಾಮಾನ್ಯವಾಗಿ ಬೆಳಗ್ಗೆ ಬಂದ ಹಡಗು ಅದೇ ದಿನ ಸಂಜೆ ಹೊರಡುವುದರಿಂದ, ಯಾವ ತಾಣವನ್ನು ನೋಡಬೇಕೆಂಬ ಆಯ್ಕೆಯು ತಾಣದ ಪ್ರಸಿದ್ಧಿಗಿಂತ ಹೆಚ್ಚಾಗಿ ಅಲ್ಲಿಗೆ ಹೋಗಿ ಬರಲು ಬೇಕಾಗುವ ಸಮಯವನ್ನು ಅವಲಂಬಿಸುತ್ತದೆ. ಮಂಗಳೂರು ನಗರದ ದೇವಾಲಯಗಳು, ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ, ಗೇರುಬೀಜ ಕಾರ್ಖಾನೆಗಳು, ಪಿಲಿಕುಳ ನಿಸರ್ಗಧಾಮ ಹಾಗೂ ಮೂಡುಬಿದಿರೆ ಮತ್ತು ಕಾರ್ಕಳದ ಜೈನ ಸ್ಮಾರಕಗಳು ಈ ಪ್ರವಾಸಗಳ ಮುಖ್ಯ ತಾಣಗಳಾಗಿವೆ.

ಹಿನ್ನೆಲೆ

ನವ ಮಂಗಳೂರು ಬಂದರು ಕರ್ನಾಟಕದ ಏಕೈಕ ಪ್ರಮುಖ ಬಂದರು. 1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಇದನ್ನು ಉದ್ಘಾಟಿಸಿದರು. ಸಮುದ್ರ ತೀರದ ನೆಲವನ್ನು ಅಗೆದು ನಿರ್ಮಿಸಿದ ಕೃತಕ ಬಂದರು ಇದಾಗಿದೆ. ಪೆಟ್ರೋಲಿಯಂ, ಕಲ್ಲಿದ್ದಲು, ಅದಿರು ಮೊದಲಾದ ಸರಕುಗಳ ಸಾಗಣೆ ಇದರ ಮುಖ್ಯ ವ್ಯವಹಾರ. ಪ್ರವಾಸಿ ಹಡಗುಗಳು ಸರಕು ಹಡಗುಗಳ ನಡುವೆಯೇ ಬಂದು ಹೋಗುತ್ತವೆ.

ಭಾರತದ ಪಶ್ಚಿಮ ಕರಾವಳಿಯಲ್ಲಿ ಸಂಚರಿಸುವ ಪ್ರವಾಸಿ ಹಡಗುಗಳು ಮುಂಬೈ, ಗೋವಾದ ಮೊರ್ಮುಗಾವ್, ಮಂಗಳೂರು ಮತ್ತು ಕೊಚ್ಚಿ ಬಂದರುಗಳಲ್ಲಿ ತಂಗುವುದುಂಟು. ಕೋವಿಡ್ ಕಾಲದಲ್ಲಿ ಈ ಸಂಚಾರ ಸ್ಥಗಿತಗೊಂಡಿತ್ತು. 2022ರ ನವೆಂಬರ್ 28ರಂದು ‘ಯುರೋಪಾ 2’ ಹಡಗಿನ ಆಗಮನದೊಂದಿಗೆ ಮಂಗಳೂರಿನಲ್ಲಿ ಕ್ರೂಸ್ ಋತು ಮತ್ತೆ ಆರಂಭವಾಯಿತು. ಕೇಂದ್ರ ಬಂದರು ಸಚಿವಾಲಯವು 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಯೋಜನೆಗೆ ಚಾಲನೆ ನೀಡಿತು. ಐದು ವರ್ಷಗಳಲ್ಲಿ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಅದರ ಗುರಿಯಾಗಿದೆ.

ಋತು ಮತ್ತು ಹವಾಮಾನ

ಮಂಗಳೂರಿನ ವಾರ್ಷಿಕ ಮಳೆ 3,500 ಮಿ.ಮೀ.ಗೂ ಹೆಚ್ಚು. ಇದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಅರಬ್ಬಿ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ಕ್ರೂಸ್ ಋತುವು ಮಳೆಗಾಲದ ಬಳಿಕ ಆರಂಭವಾಗಿ ಬೇಸಿಗೆಯಲ್ಲಿ ಮುಗಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಪ್ರವಾಸಕ್ಕೆ ಹೆಚ್ಚು ಹಿತಕರ. ಮಳೆ ನಿಂತ ಬಳಿಕವೂ ತೆಂಗು, ಅಡಿಕೆ ತೋಟಗಳು ಮತ್ತು ಘಟ್ಟದ ತಪ್ಪಲಿನ ಕಾಡುಗಳು ಹಸಿರಾಗಿಯೇ ಇರುತ್ತವೆ. ಮಾರ್ಚ್ ನಂತರ ಬಿಸಿಲು ಮತ್ತು ಸೆಕೆ ಹೆಚ್ಚುವುದರಿಂದ, ಮೆಟ್ಟಿಲು ಹತ್ತಬೇಕಾದ ಅಥವಾ ಬರಿಗಾಲಿನಲ್ಲಿ ಕಲ್ಲುಹಾಸಿನ ಮೇಲೆ ನಡೆಯಬೇಕಾದ ತಾಣಗಳನ್ನು ಬೆಳಗಿನ ಹೊತ್ತಿನಲ್ಲೇ ನೋಡುವುದು ಸೂಕ್ತ.

ಸಮಯದ ಲೆಕ್ಕ

ತೀರ ಪ್ರವಾಸದ ಆಯ್ಕೆಯಲ್ಲಿ ಮೊದಲು ಗಮನಿಸಬೇಕಾದದ್ದು ಹಡಗು ತಂಗುವ ಅವಧಿ. ಈ ಅವಧಿಯೆಲ್ಲವೂ ಪ್ರವಾಸಕ್ಕೆ ದೊರೆಯುವುದಿಲ್ಲ. ಉದಾಹರಣೆಗೆ, ಬೆಳಗ್ಗೆ 7 ಗಂಟೆಗೆ ಬಂದು ಸಂಜೆ 5 ಗಂಟೆಗೆ ಹೊರಡುವ ಹಡಗು 10 ಗಂಟೆ ತಂಗುತ್ತದೆ. ಹಡಗನ್ನು ಕಟ್ಟಿ ನಿಲ್ಲಿಸುವುದು, ವಲಸೆ ಮತ್ತು ಸುಂಕ ಅಧಿಕಾರಿಗಳ ತಪಾಸಣೆ, ಬಂದರಿನ ದ್ವಾರ ದಾಟುವುದು ಇವುಗಳಿಗೆ ಒಂದು ಗಂಟೆಯನ್ನಾದರೂ ಮೀಸಲಿಡಬೇಕು. ಪ್ರಯಾಣಿಕರೆಲ್ಲರೂ ಹಡಗು ಹೊರಡುವುದಕ್ಕೆ ಮುಂಚೆಯೇ, ಹಡಗಿನವರು ತಿಳಿಸಿದ ಗಡುವಿನೊಳಗೆ ಮರಳಿರಬೇಕು. ಇದಕ್ಕೆ ಇನ್ನೊಂದು ಗಂಟೆಯನ್ನು ಕಳೆದರೆ ಕೈಯಲ್ಲಿ ಉಳಿಯುವುದು ಸುಮಾರು 8 ಗಂಟೆ.

ಬಂದರಿನಿಂದ ನಗರದ ಕೇಂದ್ರಭಾಗ ಸುಮಾರು 10 ಕಿ.ಮೀ. ದೂರದಲ್ಲಿದೆ. ಬಂದರು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹೊಂದಿಕೊಂಡಿರುವುದರಿಂದ ಉತ್ತರಕ್ಕೆ ಉಡುಪಿಯ ಕಡೆಗೂ ದಕ್ಷಿಣಕ್ಕೆ ನಗರದ ಕಡೆಗೂ ನೇರ ರಸ್ತೆಯಿದೆ. ಆದರೆ ಸರಕು ಲಾರಿಗಳ ದಟ್ಟಣೆಯಿಂದಾಗಿ ಅಲ್ಪ ದೂರಕ್ಕೂ ಕೆಲವೊಮ್ಮೆ ಹೆಚ್ಚು ಸಮಯ ಬೇಕಾಗುತ್ತದೆ. ಆದ್ದರಿಂದ ದಿನದ ಅತಿ ದೂರದ ತಾಣವನ್ನು ಮೊದಲು ನೋಡಿ, ಬಂದರಿಗೆ ಹತ್ತಿರದ ತಾಣವನ್ನು ಕೊನೆಗಿಟ್ಟುಕೊಳ್ಳುವ ಕ್ರಮ ಸುರಕ್ಷಿತ. ಮರಳುವಾಗ ತಡವಾದರೆ ಕೊನೆಯ ತಾಣವನ್ನು ಬಿಟ್ಟುಬಿಡಬಹುದು.

ಪ್ರಮುಖ ತಾಣಗಳು

ನಗರದೊಳಗೆ

ಅರ್ಧ ದಿನದ ಪ್ರವಾಸಕ್ಕೆ ನಗರದೊಳಗಿನ ತಾಣಗಳು ಸಾಕಾಗುತ್ತವೆ.

ಕದ್ರಿ ಮಂಜುನಾಥ ದೇವಾಲಯದಲ್ಲಿ 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಇದನ್ನು ಆಳುಪ ಅರಸ ಕುಂದವರ್ಮನ ಕಾಲದಲ್ಲಿ ಪ್ರತಿಷ್ಠಾಪಿಸಲಾಯಿತು. ದೇವಾಲಯದ ಹಿಂದಿನ ಗುಡ್ಡದಲ್ಲಿ ಕೆರೆಗಳೂ ನಾಥಪಂಥದ ಜೋಗಿ ಮಠವೂ ಇವೆ.

ಕುದ್ರೋಳಿ ಗೋಕರ್ಣನಾಥ ಕ್ಷೇತ್ರವನ್ನು 1912ರಲ್ಲಿ ಶ್ರೀ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದರು. ದೇವಾಲಯ ಪ್ರವೇಶವನ್ನು ನಿರಾಕರಿಸಲ್ಪಟ್ಟಿದ್ದ ಬಿಲ್ಲವ ಸಮುದಾಯದ ಸುಧಾರಣಾ ಚಳವಳಿಯೊಂದಿಗೆ ಈ ಕ್ಷೇತ್ರದ ಇತಿಹಾಸ ಬೆಸೆದುಕೊಂಡಿದೆ. ಮಂಗಳೂರು ದಸರಾ ಇಲ್ಲಿಯೇ ನಡೆಯುತ್ತದೆ.

ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಮಾಳಿಗೆಗಳನ್ನು ಇಟಲಿಯ ಜೆಸ್ವಿಟ್ ಕಲಾವಿದ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರ ನಡುವೆ ಚಿತ್ರಗಳಿಂದ ತುಂಬಿಸಿದರು. ಹಸಿ ಗಾರೆಯ ಮೇಲಿನ ಭಿತ್ತಿಚಿತ್ರಗಳು ಮತ್ತು ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು ಇಲ್ಲಿವೆ.

ಬೋಳೂರಿನ ಸುಲ್ತಾನ್ ಬತ್ತೇರಿಯು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಗೋಪುರ. ಗುರುಪುರ ನದಿಗೆ ಮುಖಮಾಡಿರುವ ಈ ಸ್ಥಳದಿಂದ ಆಚೆ ದಡದ ತಣ್ಣೀರುಬಾವಿ ಕಡಲತೀರಕ್ಕೆ ದೋಣಿಯಲ್ಲಿ ಹೋಗಬಹುದು. ಬಂದರಿನ ಪಕ್ಕದಲ್ಲೇ ಪಣಂಬೂರು ಕಡಲತೀರವಿದೆ.

ಗೇರುಬೀಜ ಕಾರ್ಖಾನೆಗಳು

ಗೇರು ಮರ ದಕ್ಷಿಣ ಅಮೆರಿಕದ ಬ್ರೆಜಿಲ್ ಮೂಲದ್ದು. ಅದು ಪೋರ್ಚುಗೀಸರ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಮಂಗಳೂರಿನಲ್ಲಿ ಇದರ ಸಂಸ್ಕರಣೆಯು ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. ಒಣಗಿಸಿದ ಬೀಜವನ್ನು ಹಬೆಯಲ್ಲಿ ಬೇಯಿಸಿ ಅಥವಾ ಹುರಿದು, ಒಡೆದು, ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಹಂತಗಳನ್ನು ಕಾರ್ಖಾನೆಗಳಲ್ಲಿ ನೋಡಬಹುದು. ಬೀಜದ ಚಿಪ್ಪಿನಲ್ಲಿರುವ ಎಣ್ಣೆ ಚರ್ಮವನ್ನು ಸುಡುವಂಥದ್ದು. ಆದ್ದರಿಂದ ಒಡೆಯುವ ಕೆಲಸಕ್ಕೆ ಎಚ್ಚರಿಕೆ ಮತ್ತು ಕೈಚಳಕ ಎರಡೂ ಬೇಕು. ಈ ಕಾರ್ಖಾನೆಗಳ ಕಾರ್ಮಿಕರಲ್ಲಿ ಮಹಿಳೆಯರೇ ಹೆಚ್ಚು. ‘ಡಬ್ಲ್ಯೂ 180’, ‘ಡಬ್ಲ್ಯೂ 240’, ‘ಡಬ್ಲ್ಯೂ 320’ ಎಂಬ ದರ್ಜೆಗಳು ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ತೂಕಕ್ಕೆ ಎಷ್ಟು ಇಡೀ ಬೀಜಗಳು ಬರುತ್ತವೆ ಎಂಬುದನ್ನು ಸೂಚಿಸುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ಬೀಜ ದೊಡ್ಡದು. ಕಾರ್ಖಾನೆಗೆ ವಾರದ ರಜೆಯಿರುವ ದಿನ ಹಡಗು ಬಂದರೆ ಈ ಭೇಟಿ ಸಾಧ್ಯವಾಗುವುದಿಲ್ಲ.

ಪಿಲಿಕುಳ

ತುಳು ಭಾಷೆಯಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಮೂಡುಶೆಡ್ಡೆಯಲ್ಲಿರುವ ಪಿಲಿಕುಳ ನಿಸರ್ಗಧಾಮದಲ್ಲಿ ಮೃಗಾಲಯ, ಸಸ್ಯೋದ್ಯಾನ, ಕೆರೆ, ತುಳುನಾಡಿನ ಗುತ್ತಿನ ಮನೆಯ ಮಾದರಿ, ಕುಶಲಕರ್ಮಿಗಳ ಗ್ರಾಮ ಹಾಗೂ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯ ಇವೆ. ಮಕ್ಕಳೊಂದಿಗೆ ಬಂದವರಿಗೆ ಹಾಗೂ ದೂರ ಪ್ರಯಾಣ ಬೇಡವೆನ್ನುವವರಿಗೆ ಇದು ಅನುಕೂಲ.

ಮೂಡುಬಿದಿರೆ ಮತ್ತು ಕಾರ್ಕಳ

ಪೂರ್ಣ ದಿನದ ಪ್ರವಾಸಗಳಲ್ಲಿ ಈ ಮಾರ್ಗ ಮುಖ್ಯವಾದುದು. ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯಿದೆ. ‘ತ್ರಿಭುವನ ತಿಲಕ ಚೂಡಾಮಣಿ’ ಎಂದೂ ಹೆಸರಾದ ಈ ಬಸದಿಯ ಮೂಲನಾಯಕ ಚಂದ್ರನಾಥ ತೀರ್ಥಂಕರ. ಧಾರಾಕಾರ ಮಳೆಯನ್ನು ತಡೆಯಲು ರೂಪಿಸಿದ ಇದರ ಇಳಿಜಾರು ಮಾಡು ಕರಾವಳಿಯ ವಾಸ್ತುಶೈಲಿಯ ಲಕ್ಷಣವಾಗಿದೆ. ಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯಲ್ಲಿಯೇ.

ಮಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಕಾರ್ಕಳವು ಉಡುಪಿ ಜಿಲ್ಲೆಗೆ ಸೇರಿದೆ. ಇಲ್ಲಿನ ಸುಮಾರು 42 ಅಡಿ ಎತ್ತರದ ಏಕಶಿಲಾ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದನು. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿಯಿದೆ. ಎರಡೂ ಊರುಗಳನ್ನು ನೋಡಿ ಮರಳಲು ರಸ್ತೆಯಲ್ಲೇ ಮೂರು ಗಂಟೆಗೂ ಹೆಚ್ಚು ಕಾಲ ಬೇಕು. ಹಡಗು 10 ಗಂಟೆ ತಂಗಿದಾಗ ಇದು ಸಾಧ್ಯ. 6 ಗಂಟೆ ಮಾತ್ರ ತಂಗಿದಾಗ ಮೂಡುಬಿದಿರೆಯೊಂದಕ್ಕೇ ಹೋಗಿ ಬರುವುದು ಲೇಸು.

ಉಡುಪಿ ಮತ್ತು ಮಲ್ಪೆ

ಬಂದರಿನಿಂದ ಸುಮಾರು 50 ಕಿ.ಮೀ. ಉತ್ತರಕ್ಕಿರುವ ಉಡುಪಿಯ ಶ್ರೀಕೃಷ್ಣ ಮಠ ಮತ್ತೊಂದು ಆಯ್ಕೆ. ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರಿಸ್ ದ್ವೀಪಗಳ ಕಂಬದಾಕಾರದ ಜ್ವಾಲಾಮುಖಿ ಶಿಲೆಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಆದರೆ ದೋಣಿ ಸಂಚಾರವು ಕಡಲಿನ ಸ್ಥಿತಿ ಮತ್ತು ಪ್ರಯಾಣಿಕರ ಸರದಿಯನ್ನು ಅವಲಂಬಿಸಿರುವುದರಿಂದ ಸಮಯದ ಖಚಿತತೆ ಇಲ್ಲ. ಬೇಲೂರು ಮತ್ತು ಹಳೇಬೀಡುಗಳಿಗೆ ಘಟ್ಟ ಹತ್ತಿ ಹೋಗಬೇಕಾದ್ದರಿಂದ ಅವು ಒಂದು ಹಗಲಿನ ತಂಗುವಿಕೆಗೆ ಹೊಂದುವುದಿಲ್ಲ.

ಪ್ರವಾಸದ ವಿಧಗಳು

ಪ್ರಯಾಣಿಕರು ಮುಖ್ಯವಾಗಿ ಎರಡು ರೀತಿಯಲ್ಲಿ ಪ್ರವಾಸ ಕೈಗೊಳ್ಳುತ್ತಾರೆ. ಮೊದಲನೆಯದು ಹಡಗು ಸಂಸ್ಥೆಯೇ ಏರ್ಪಡಿಸುವ ಬಸ್ ಪ್ರವಾಸ. ಇದರ ದರ ಹೆಚ್ಚು, ಪ್ರತಿ ತಾಣದಲ್ಲಿ ಸಿಗುವ ಅವಕಾಶ ಕಡಿಮೆ. ಆದರೆ ಬಸ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಎರಡನೆಯದು ಸ್ವಂತವಾಗಿ ಟ್ಯಾಕ್ಸಿ ಗೊತ್ತುಮಾಡಿಕೊಂಡು ಹೋಗುವುದು. ಮೂರು ನಾಲ್ಕು ಜನ ಸೇರಿದರೆ ಇದು ಅಗ್ಗ, ಇಷ್ಟದ ಸ್ಥಳದಲ್ಲಿ ಇಷ್ಟು ಹೊತ್ತು ನಿಲ್ಲುವ ಸ್ವಾತಂತ್ರ್ಯವೂ ಇದೆ. ಆದರೆ ತಡವಾದವರಿಗಾಗಿ ಹಡಗು ಕಾಯುವುದಿಲ್ಲ. ಹಡಗು ತಪ್ಪಿಸಿಕೊಂಡವರು ಮುಂದಿನ ಬಂದರನ್ನು ಸ್ವಂತ ಖರ್ಚಿನಲ್ಲಿ ತಲುಪಬೇಕಾಗುತ್ತದೆ. ಮುಂದಿನ ನಿಲುಗಡೆ ಕೊಚ್ಚಿಯಾದರೆ ರೈಲು ಇದೆ. ವಿದೇಶದ ಬಂದರಾದರೆ ವಿಮಾನ ಟಿಕೆಟ್ ಮತ್ತು ಆ ದೇಶದ ವೀಸಾ ಬೇಕಾಗಬಹುದು. ಆದ್ದರಿಂದ ದೂರದ ತಾಣಗಳಿಗೆ ಹಡಗಿನ ಪ್ರವಾಸವನ್ನೂ, ನಗರದೊಳಗಿನ ತಾಣಗಳಿಗೆ ಟ್ಯಾಕ್ಸಿಯನ್ನೂ ಆರಿಸಿಕೊಳ್ಳುವುದು ಸಾಮಾನ್ಯ ವಿವೇಕ. ಸ್ವಂತವಾಗಿ ಹೋಗುವವರು ಹಡಗಿನ ಸ್ಥಳೀಯ ಏಜೆಂಟರ ದೂರವಾಣಿ ಸಂಖ್ಯೆಯನ್ನು ಜೊತೆಗಿಟ್ಟುಕೊಳ್ಳಬೇಕು. ಬಾಡಿಗೆ, ಕಾಯುವ ಸಮಯ ಮತ್ತು ಮರಳುವ ಗಡುವನ್ನು ಹೊರಡುವ ಮುನ್ನವೇ ಚಾಲಕರೊಂದಿಗೆ ನಿಗದಿಪಡಿಸಿಕೊಳ್ಳಬೇಕು.

ಪ್ರವೇಶ ಮತ್ತು ನಡವಳಿಕೆ

ವಿದೇಶಿ ಪ್ರಯಾಣಿಕರು ದಡಕ್ಕಿಳಿಯಲು ಭಾರತದ ವೀಸಾ ಹೊಂದಿರಬೇಕು. ಇ-ವೀಸಾ ಮೂಲಕ ಪ್ರವೇಶಕ್ಕೆ ಗೊತ್ತುಪಡಿಸಲಾದ ಸಮುದ್ರ ಬಂದರುಗಳಲ್ಲಿ ಮಂಗಳೂರೂ ಸೇರಿದೆ. ಬಂದರು ನಿರ್ಬಂಧಿತ ಪ್ರದೇಶವಾದ್ದರಿಂದ ಸರಕು ಯಂತ್ರಗಳ ನಡುವೆ ನಡೆದು ಹೊರಹೋಗಲು ಆಗದು. ಗೊತ್ತುಪಡಿಸಿದ ವಾಹನಗಳಲ್ಲೇ ಸಾಗಬೇಕು. ಹಡಗು ಬಂದಾಗ ಯಕ್ಷಗಾನ ವೇಷಧಾರಿಗಳು ಪ್ರಯಾಣಿಕರನ್ನು ಸ್ವಾಗತಿಸುವುದು ವಾಡಿಕೆಯಾಗಿದೆ.

ದೇವಾಲಯ ಮತ್ತು ಬಸದಿಗಳು ಇಂದಿಗೂ ನಿತ್ಯಪೂಜೆ ನಡೆಯುವ ಸ್ಥಳಗಳು. ಪಾದರಕ್ಷೆಗಳನ್ನು ಹೊರಗೆ ಬಿಡಬೇಕು, ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಧರಿಸಬೇಕು. ಕೆಲವು ದೇವಾಲಯಗಳಲ್ಲಿ ಪುರುಷರು ಅಂಗಿ ತೆಗೆಯುವ ಪದ್ಧತಿಯಿದೆ. ಬಸದಿಗಳೊಳಗೆ ಚರ್ಮದ ವಸ್ತುಗಳನ್ನು ಒಯ್ಯಬಾರದು. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಬೇಕು. ಹಲವು ದೇವಾಲಯಗಳು ಮಧ್ಯಾಹ್ನದ ಮಹಾಪೂಜೆಯ ಬಳಿಕ ಬಾಗಿಲು ಮುಚ್ಚಿ ಸಂಜೆ ತೆರೆಯುವುದರಿಂದ, ಅವುಗಳ ಭೇಟಿಯನ್ನು ಬೆಳಗ್ಗೆಯೇ ಮುಗಿಸಬೇಕಾಗುತ್ತದೆ.

ಕೆರಿಬಿಯನ್ ದ್ವೀಪಗಳೊಂದಿಗೆ ಹೋಲಿಕೆ

ಕ್ರೂಸ್ ಪ್ರವಾಸವು ಬಹಳವಾಗಿ ಬೆಳೆದಿರುವ ಕೆರಿಬಿಯನ್ ಸಮುದ್ರದ ಹಸಿರು ದ್ವೀಪಗಳಲ್ಲಿಯೂ ಆಯ್ಕೆಯ ಸೂತ್ರ ಇದೇ ಆಗಿದೆ. ಡೊಮಿನಿಕಾದ ರಾಜಧಾನಿ ರೋಸೋದಲ್ಲಿ ಇಳಿದವರು ಹತ್ತಿರದ ಟ್ರಫಾಲ್ಗರ್ ಜಲಪಾತವನ್ನು ಅರ್ಧ ದಿನದಲ್ಲಿ ನೋಡಬಹುದು. ಅದೇ ದ್ವೀಪದ ‘ಕುದಿಯುವ ಸರೋವರ’ಕ್ಕೆ ಕಾಡಿನಲ್ಲಿ ಹಲವು ಗಂಟೆ ನಡೆಯಬೇಕಾದ್ದರಿಂದ ಅದು ಇಡೀ ದಿನವನ್ನು ಬೇಡುತ್ತದೆ. ಸೇಂಟ್ ಲೂಸಿಯಾದಲ್ಲಿ ಹಡಗುಗಳು ತಂಗುವ ಕ್ಯಾಸ್ಟ್ರೀಸ್‌ನಿಂದ ವಿಶ್ವ ಪರಂಪರೆಯ ತಾಣವಾದ ಪಿಟನ್ ಶಿಖರಗಳಿಗೆ ತಿರುವುಗಳ ಬೆಟ್ಟದ ರಸ್ತೆಯಲ್ಲಿ ಸಾಗಬೇಕು. ಅಲ್ಲಿ ನಿಸರ್ಗವೇ ಮುಖ್ಯ ಆಕರ್ಷಣೆಯಾದರೆ, ಮಂಗಳೂರಿನಲ್ಲಿ ಹಸಿರು ನಾಡಿನ ನಡುವಿನ ಧಾರ್ಮಿಕ ಕಟ್ಟಡಗಳು ಮತ್ತು ಕೈಕೆಲಸದ ಉದ್ಯಮಗಳು ಮುಖ್ಯವಾಗಿವೆ.

ಸ್ಥಳೀಯ ಪರಿಣಾಮ

ಪ್ರಯಾಣಿಕರು ಹಡಗಿನಲ್ಲೇ ಉಂಡು ಮಲಗುವುದರಿಂದ ತೀರದ ಹೋಟೆಲುಗಳಿಗೆ ಕ್ರೂಸ್ ಪ್ರವಾಸದಿಂದ ದೊರೆಯುವ ಆದಾಯ ಕಡಿಮೆ. ಊರಿಗೆ ಬರುವ ಹಣವು ಬಹುತೇಕ ವಾಹನ, ಮಾರ್ಗದರ್ಶನ, ಪ್ರವೇಶ ಶುಲ್ಕ ಮತ್ತು ಖರೀದಿಗಳ ಮೂಲಕವೇ ಬರುತ್ತದೆ. ಹಾಗಾಗಿ ಪ್ರಯಾಣಿಕರ ಆಯ್ಕೆಯು ಯಾರಿಗೆ ಎಷ್ಟು ದೊರೆಯುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ. ಹಡಗಿನ ಬಸ್ ಪ್ರವಾಸದ ದರದಲ್ಲಿ ಒಂದು ಪಾಲು ಹಡಗು ಸಂಸ್ಥೆಗೆ ಉಳಿಯುತ್ತದೆ. ಟ್ಯಾಕ್ಸಿ ಬಾಡಿಗೆ, ಮಾರುಕಟ್ಟೆಯ ಖರೀದಿ, ಊರಿನ ಹೋಟೆಲಿನ ಊಟ ಇವುಗಳ ಹಣ ನೇರವಾಗಿ ಸ್ಥಳೀಯರಿಗೆ ತಲುಪುತ್ತದೆ. ಋತುವಿನ ಹೊರಗೆ ಹಡಗುಗಳು ಬಾರದ ಕಾರಣ ಚಾಲಕರು, ಮಾರ್ಗದರ್ಶಕರು ಮತ್ತು ಕಲಾವಿದರಿಗೆ ಇದು ಪೂರಕ ಆದಾಯವಷ್ಟೇ ಆಗಿದೆ.

ದೊಡ್ಡ ಹಡಗು ಬಂದ ದಿನ ನೂರಾರು ಪ್ರಯಾಣಿಕರು ಒಂದೇ ಹೊತ್ತಿಗೆ ಒಂದೇ ಬಸದಿ ಅಥವಾ ದೇವಾಲಯವನ್ನು ತಲುಪಿದರೆ ಅಲ್ಲಿನ ಭಕ್ತರ ನಿತ್ಯದ ಪೂಜೆಗೂ ಪ್ರವಾಸಿಗರ ವೀಕ್ಷಣೆಗೂ ಅಡಚಣೆಯಾಗುತ್ತದೆ. ಗುಂಪುಗಳನ್ನು ವಿಭಜಿಸಿ ಬೇರೆ ಬೇರೆ ಕ್ರಮದಲ್ಲಿ ತಾಣಗಳಿಗೆ ಕಳುಹಿಸುವುದರಿಂದ ಈ ಒತ್ತಡವನ್ನು ತಗ್ಗಿಸಬಹುದು.

ಇವನ್ನೂ ನೋಡಿ

ನವ ಮಂಗಳೂರು ಬಂದರು
ತುಳುನಾಡು
ಸಾವಿರ ಕಂಬದ ಬಸದಿ
ಸೇಂಟ್ ಮೇರಿಸ್ ದ್ವೀಪಗಳು