ಬಾಣಂತಿ ಜ್ವರದ ಜಾಡು ಹಿಡಿದ ಮಹಿಳೆಯರು

ಹೆರಿಗೆ ಸುಸೂತ್ರವಾಯಿತು, ಮಗು ಆರೋಗ್ಯವಾಗಿದೆ ಎಂದು ಮನೆಯವರೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ ಬಾಣಂತಿಗೆ ಚಳಿ, ಮೈ ಸುಡುವ ಜ್ವರ. ವಾರ, ಹತ್ತು ದಿನದಲ್ಲಿ ಸಾವು. ನಮ್ಮ ಅಜ್ಜಿಯಂದಿರು ‘ಬಾಣಂತಿ ಸನ್ನಿ’ ಎಂದು ದನಿ ತಗ್ಗಿಸಿ ಹೇಳುತ್ತಿದ್ದ ಸಾವುಗಳಲ್ಲಿ ಎಷ್ಟೋ ಇಂಥವೇ ಇರಬೇಕು. ಇಂಗ್ಲೆಂಡಿನ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1797ರಲ್ಲಿ ಹೆರಿಗೆಯಾದ ಹನ್ನೊಂದನೇ ದಿನ ತೀರಿಕೊಂಡದ್ದೂ ಹೀಗೆ. ಆ ಮಗುವೇ ಮುಂದೆ ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿ ಶೆಲ್ಲಿ.

ವಿಯೆನ್ನಾದ ಸೆಮೆಲ್ವೈಸ್ 1847ರಲ್ಲಿ ವೈದ್ಯರ ಕೈ ತೊಳೆಸಿ ಸಾವು ತಗ್ಗಿಸಿದ ಕಥೆ ಹಲವರಿಗೆ ಗೊತ್ತು. 1879ರಲ್ಲಿ ಪ್ಯಾಸ್ಟರ್ ಪ್ಯಾರಿಸ್ಸಿನ ಸಭೆಯೊಂದರಲ್ಲಿ ಎದ್ದು, ಕಪ್ಪು ಹಲಗೆಯ ಮೇಲೆ ಮಣಿಸರದಂಥ ಜೀವಿಯ ಚಿತ್ರ ಬರೆದು ಇದೇ ಅಪರಾಧಿ ಎಂದರು. ಅದು ಸ್ಟ್ರೆಪ್ಟೊಕಾಕಸ್. ಐದು ವರ್ಷದ ನಂತರ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಣ್ಣ ಬಿಟ್ಟುಕೊಡದ ಬ್ಯಾಕ್ಟೀರಿಯಾಗಳಿಗೆ ಗ್ರಾಮ್ ಪಾಸಿಟಿವ್ ಎಂಬ ಹೆಸರು ಬಂತು. ಇದೂ ಆ ಗುಂಪಿನದೇ.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅಪರಾಧಿ ಸಿಕ್ಕಿತ್ತು, ಕೈ ತೊಳೆಯುವುದೂ ರೂಢಿಗೆ ಬಂದಿತ್ತು. ಆದರೂ 1934ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾವಿರ ಹೆರಿಗೆಗೆ ನಾಲ್ಕಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಈ ಜ್ವರದ್ದು. ಯಾಕೆ?

ಸ್ಟ್ರೆಪ್ಟೊಕಾಕಸ್ ಎಂಬುದು ಒಂದು ಜಾತಿಯಲ್ಲ. ಆರೋಗ್ಯವಂತ ಹೆಂಗಸರಲ್ಲೂ ಅದು ಸಿಗುತ್ತಿತ್ತು, ಸತ್ತವರಲ್ಲೂ ಸಿಗುತ್ತಿತ್ತು. ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನ ಡಬ್ಬಿಗೆ ತುಂಬಿದರೆ ಉತ್ತರ ಹೊರಡುವುದಿಲ್ಲ. ಡೇಟಾಬೇಸ್ ಜೊತೆ ಹೆಣಗುವ ನನಗೆ ಇದು ನಿತ್ಯದ ಪಾಡು. ಆ ಡಬ್ಬಿಯನ್ನು ಬಿಚ್ಚಿ ವಿಂಗಡಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್. ಕಾಲೇಜಿಗೆ ಸೇರಿದ್ದು ಭಾಷೆ ಓದಲು, ನಡುವೆ ಪ್ರಾಣಿಶಾಸ್ತ್ರಕ್ಕೆ ಹಾರಿದರು. ಟೆಕ್ಸಸ್‌ನ ಸೇನಾ ಶಿಬಿರಗಳ ರೋಗಿಗಳಿಂದ ಬಂದ ಮಾದರಿಗಳಿಂದ ಕೆಲಸ ಶುರು. 1928ರಲ್ಲಿ ಎಂ ಪ್ರೋಟೀನ್ ಬಗ್ಗೆ ಬರೆದರು. ಬ್ಯಾಕ್ಟೀರಿಯಾದ ಮೈಮೇಲೆ ನವಿರಾದ ಕೂದಲಿನಂತೆ ನಿಲ್ಲುವ ಈ ಪ್ರೋಟೀನ್ ನಮ್ಮ ಬಿಳಿ ರಕ್ತಕಣಗಳು ಅದನ್ನು ನುಂಗದಂತೆ ತಡೆಯುತ್ತದೆ. ಅದನ್ನು ಕಳೆದುಕೊಂಡ ಬ್ಯಾಕ್ಟೀರಿಯಾದ ಉಗ್ರತೆಯೂ ಇಳಿಯುತ್ತದೆ. 1933ರಲ್ಲಿ ಅವರು ಸ್ಟ್ರೆಪ್ಟೊಕಾಕಸ್‌ಗಳನ್ನು ಎ, ಬಿ, ಸಿ ಎಂದು ಗುಂಪು ಮಾಡಿದರು. 1935ರಲ್ಲಿ ರೊನಾಲ್ಡ್ ಹೇರ್ ಜೊತೆ ಬಾಣಂತಿಯರ ಮಾದರಿಗಳನ್ನೇ ಪರೀಕ್ಷಿಸಿದಾಗ, ತೀವ್ರ ಸೋಂಕಿನ ಹಿಂದೆ ಇದ್ದದ್ದು ಎ ಗುಂಪು.

ಅದೇ ವರ್ಷ ಲಂಡನ್ನಿನಲ್ಲಿ ಡೋರಾ ಕೋಲ್‌ಬ್ರೂಕ್ ಇನ್ನೊಂದು ತುದಿ ಹಿಡಿದರು. ಬಾಣಂತಿಯ ದೇಹದಲ್ಲಿದ್ದ ಬ್ಯಾಕ್ಟೀರಿಯಾವನ್ನು ಹೆರಿಗೆ ಮಾಡಿಸಿದವರ ಮೂಗು, ಗಂಟಲಿನಲ್ಲಿದ್ದುದರ ಜೊತೆ ತಾಳೆ ನೋಡಿದರು. ಹಲವು ಕಡೆ ತಾಳೆಯಾಯಿತು! ಕೈ ತೊಳೆದರೂ, ಬಾಯಿ ಮುಚ್ಚದೆ ಬಾಗಿದ ವೈದ್ಯರು, ದಾದಿಯರು, ಕೆಲವೊಮ್ಮೆ ಮನೆಯವರೇ ಸೋಂಕು ದಾಟಿಸುತ್ತಿದ್ದರು. ನಮ್ಮಲ್ಲಿ ಬಾಣಂತಿ ಕೋಣೆಗೆ ಎಲ್ಲರನ್ನೂ ಬಿಡದಿರುವುದಕ್ಕೆ ಹಿರಿಯರು ಮೈಲಿಗೆಯ ಕಾರಣ ಕೊಟ್ಟರು. ಆ ಕಾರಣವನ್ನು ನಾನು ಒಪ್ಪುವುದಿಲ್ಲ, ನೆಗಡಿ ಹಿಡಿದವರನ್ನು ದೂರವಿಟ್ಟರೆ ಮಾತ್ರ ನನ್ನ ತಕರಾರಿಲ್ಲ.

ಔಷಧ ಬಂದದ್ದು ಜರ್ಮನಿಯ ಬಣ್ಣದ ಕಾರ್ಖಾನೆಯಿಂದ. ಗೆರ್ಹಾರ್ಡ್ ಡೊಮಾಕ್ 1935ರಲ್ಲಿ ಪ್ರಕಟಿಸಿದ ಪ್ರಾಂಟೋಸಿಲ್ ಒಂದು ಕೆಂಪು ಬಣ್ಣ. ಅದರೊಳಗಿನ ಸಲ್ಫನಿಲಮೈಡ್ ಎಂಬ ಅಂಶವೇ ಕೆಲಸ ಮಾಡುವುದು ಎಂದು ತೋರಿಸಿದ ಪ್ಯಾಸ್ಟರ್ ಸಂಸ್ಥೆಯ ತಂಡದಲ್ಲಿ ಥೆರೆಸ್ ಟ್ರೆಫುಯೆಲ್ ಇದ್ದರು. ಲಂಡನ್ನಿನ ಕ್ವೀನ್ ಷಾರ್ಲಟ್ಸ್ ಆಸ್ಪತ್ರೆಯಲ್ಲಿ ಅದನ್ನು ಬಾಣಂತಿಯರಿಗೆ ಕೊಟ್ಟು ನೋಡಿದವರು ಡೋರಾರ ಅಣ್ಣ ಲೆನರ್ಡ್ ಮತ್ತು ವೈದ್ಯೆ ಮೇವ್ ಕೆನ್ನಿ. ಅಲ್ಲಿ ಮೊದಲು ಈ ಜ್ವರಕ್ಕೆ ನೂರಕ್ಕೆ 20ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. 1936ರ ಜೂನ್ ವರದಿಯಲ್ಲಿ 38 ಮಂದಿಯಲ್ಲಿ ಮೂವರು ಸತ್ತರು. ನಂತರದ 26 ಮಂದಿಯಲ್ಲಿ ಒಬ್ಬರೂ ಇಲ್ಲ. ಇತಿಹಾಸದ ಪುಸ್ತಕಗಳಲ್ಲಿ ಡೊಮಾಕ್ ಇದ್ದಾರೆ, ಲೆನರ್ಡ್ ಇದ್ದಾರೆ. ಕೆನ್ನಿಯವರ ಹೆಸರು ಹುಡುಕಲು ನಾನು ಮೂಲ ಲೇಖನದ ಶೀರ್ಷಿಕೆಯವರೆಗೆ ಹೋಗಬೇಕಾಯಿತು.

ಆಮೇಲೆ ಪೆನಿಸಿಲಿನ್ ಬಂತು. ಪುಣೆ ಕನ್ನಡಿಗರಿಗೆ ಪರಿಚಿತವಾದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾದದ್ದು ಅದನ್ನು ಇಲ್ಲೇ ತಯಾರಿಸಲು. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಲಸಿಕೆ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ: ಲ್ಯಾನ್ಸ್‌ಫೀಲ್ಡ್ ಕಂಡ ಎಂ ಪ್ರೋಟೀನ್‌ನಲ್ಲಿ ಈಗ 200ಕ್ಕೂ ಹೆಚ್ಚು ಬಗೆಗಳಿವೆ, ಒಂದರ ವಿರುದ್ಧ ಬಂದ ರಕ್ಷಣೆ ಇನ್ನೊಂದಕ್ಕೆ ಸಾಲುವುದಿಲ್ಲ. ಗಂಟಲು ನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳು ನಮ್ಮ ದೇಶದಲ್ಲಿ ಈಗಲೂ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದಿಗೆ ಸಾಲಿನಲ್ಲಿ ಕೂರುತ್ತಾರೆ.